ನಕ್ಕೋ ಚೀಟಿ

ನನ್ನ ಜಾಗಕ್ಕೆ ಬಂದ ಹುಡುಗಿ ಹೋದ ವಾರ ಫೋನು ಮಾಡಿದ್ದಳು. "ಅಕ್ಕೋರ, ಬ್ರೌಸರ್ ಅಪ್‌ಗ್ರೇಡ್ ಬರ್ಲತ್ತದರಿ. ಎಲ್ಲಾ ಕಂಪ್ಯೂಟರ್‌ದಾಗ ಅದನ್ನ ಬಂದ್ ಮಾಡಿಬಿಡ್ಲೇನ್ರಿ?" ಎಂದು ಕೇಳಿದಳು. ಸಣ್ಣ ಪ್ರಶ್ನೆ. ಮಾಡು ಅಥವಾ ಬೇಡ ಎಂದರೆ ಮುಗಿಯುತ್ತಿತ್ತು. "ಆಮ್ಯಾಲ ಹೇಳ್ತೇನಿ" ಎಂದು ಫೋನು ಇಟ್ಟೆ. ನಿವೃತ್ತಿಯಾಗಿ ಎರಡು ವರ್ಷವಾಯಿತು. ಈಗಲೂ ಅಪ್‌ಗ್ರೇಡ್ ಎಂಬ ಮಾತು ಕಿವಿಗೆ ಬಿದ್ದರೆ ನನ್ನ ಬಲಗೈ ಬೆರಳುಗಳು ಮಡಚಿಕೊಳ್ಳುತ್ತವೆ, ಏನನ್ನೋ ಹಿಸುಕಿ ಹಿಡಿದ ಹಾಗೆ. ನಾನು ಅಂಟಿಸಿದ ಒಂದು ಚೀಟಿಯಿಂದ ಒಬ್ಬ ಮನುಷ್ಯನ ಹೃದಯ ನಿಲ್ಲುವುದರಲ್ಲಿತ್ತು. ಆ ಹುಡುಗಿಗೆ ಮತ್ತು ಅವಳಂತೆ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಅದನ್ನು ಫೋನಿನಲ್ಲಿ ಹೇಳಲು ಬರುವುದಿಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಜನವಾಡದಲ್ಲಿ. ಕಾಲೇಜಿಗೆಂದು ಬೀದರಿಗೆ ಬಂದವಳು ಬಿ.ಎಸ್ಸಿ. ಮುಗಿಸಿ ಇಲ್ಲಿಯೇ ಉಳಿದೆ. ಒಂದು ಟ್ರಸ್ಟಿನ ಆಸ್ಪತ್ರೆಯಲ್ಲಿ ಇಡೀ ಆಯುಷ್ಯದ ಕೆಲಸ. ಹೆಸರು ಬರೆಯುವುದಿಲ್ಲ. ದೊಡ್ಡ ಆಸ್ಪತ್ರೆ ಬೀದರಿನಲ್ಲಿ, ಅದರ ಶಾಖೆಗಳು ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು. ಸೇರಿದಾಗ ನಾನು ಟೈಪಿಸ್ಟ್. ಮುಂದೆ ಕಂಪ್ಯೂಟರುಗಳು ಬಂದವು, 'ಕಂಪ್ಯೂಟರ್ ವಿಭಾಗ' ಎಂಬ ಬೋರ್ಡೂ ಬಂತು. ಆ ಬೋರ್ಡಿನ ಕೆಳಗೆ ಕೂರುತ್ತಿದ್ದವಳು ನಾನೊಬ್ಬಳೇ. ಮೂರೂ ಊರಿನವರು ನನ್ನನ್ನು ಕಂಪ್ಯೂಟರ್ ಬಾಯಿ, ಅಂದರೆ ಕಂಪ್ಯೂಟರ್ ಅಮ್ಮ, ಎನ್ನುತ್ತಿದ್ದರು. ಬಡ್ತಿಗಳ ವಿಷಯದಲ್ಲಿ ಹೇಳುವಂಥದ್ದೇನಿಲ್ಲ. ಕೆಲಸ ಏನಾಗಿತ್ತು ಎಂದರೆ, ಬಹುಪಾಲು ಬೇಡ ಎನ್ನುವುದೇ ಆಗಿತ್ತು.

ಅದು ಹೇಗೆಂದು ಹೇಳುತ್ತೇನೆ. ರಕ್ತ ಪರೀಕ್ಷೆಯ ದೊಡ್ಡ ಮಷೀನು ಇದ್ದದ್ದು ಬೀದರಿನ ಲ್ಯಾಬಿನಲ್ಲಿ ಮಾತ್ರ. ಭಾಲ್ಕಿ, ಔರಾದಿನ ರೋಗಿಗಳ ರಕ್ತ ಬೆಳಿಗ್ಗೆ ಐಸ್ ಡಬ್ಬಿಯಲ್ಲಿ ಬೀದರಿಗೆ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಫಲಿತಾಂಶಗಳನ್ನು ಅಲ್ಲಿನ ವಾರ್ಡಿನವರು ಕಂಪ್ಯೂಟರಿನಲ್ಲಿ ನೋಡುತ್ತಿದ್ದರು. ಅದಕ್ಕೆಂದೇ ಹೈದರಾಬಾದಿನ ಒಬ್ಬರು ಒಂದು ಪ್ರೋಗ್ರಾಮ್ ಮಾಡಿಕೊಟ್ಟಿದ್ದರು. ಬ್ರೌಸರ್ ತೆರೆದರೆ ಎಡಗಡೆ ರೋಗಿಗಳ ಹೆಸರಿನ ಪಟ್ಟಿ, ಬಲಗಡೆ ಅವರವರ ಸಾಲಿಗೆ ಸರಿಯಾಗಿ ಅಂಕಿಗಳು. ಪಟ್ಟಿ ಉದ್ದವಾಗಿದ್ದರೆ ಕೆಳಗೆ ಸರಿಸಬೇಕು. ಆಗ ಎರಡೂ ಕಡೆ ಒಟ್ಟಿಗೆ ಸರಿಯುತ್ತಿದ್ದವು. ಇದೆಲ್ಲ ನಡೆಯುತ್ತಿದ್ದದ್ದು ಆ ಕಾಲದ ಹಳೆಯ ಬ್ರೌಸರಿನಲ್ಲಿ ಮಾತ್ರ. ಹೊಸ ಬ್ರೌಸರಿನಲ್ಲಿ ತೆರೆದರೆ ಪುಟ ಕೆಡುತ್ತಿತ್ತು. ಮಾಡಿಕೊಟ್ಟವರ ಫೋನು ಕೆಲ ವರ್ಷಗಳಲ್ಲಿ ಹತ್ತದಾಯಿತು.

ಬ್ರೌಸರಾದರೋ ಸುಮ್ಮನಿರುವ ವಸ್ತುವಲ್ಲ. ಅದು ತನ್ನನ್ನು ತಾನೇ ಹೊಸದು ಮಾಡಿಕೊಳ್ಳಲು ನೋಡುತ್ತಿರುತ್ತದೆ. ಕಂಪ್ಯೂಟರು ಬಂದ್ ಮಾಡುವಾಗ ಒಳಗೆ ಸೇರಿಕೊಂಡು, ಮರುದಿನ ಬೆಳಿಗ್ಗೆ ಹೊಸ ಮುಖದಲ್ಲಿ ಎದುರಾಗುತ್ತದೆ. ಅದನ್ನು ತಡೆಯುವ ಒಂದು ಸಣ್ಣ ಫೈಲು ನನ್ನ ಪೆನ್ ಡ್ರೈವಿನಲ್ಲಿತ್ತು. ಒಂದೊಂದು ಕಂಪ್ಯೂಟರಿಗೂ ಹೋಗಿ ಅದನ್ನು ಹಾಕಬೇಕು. ಆಮೇಲೆ ಬ್ರೌಸರ್ ತಾನಾಗಿ ಬದಲಾಗುವುದಿಲ್ಲ. ಆದರೆ ಯಾರಾದರೂ ಬೇಕು ಎಂದು ತಾವೇ ಒತ್ತಿದರೆ ಆ ಫೈಲು ಏನೂ ಮಾಡದು. ಆ ಕಾರಣಕ್ಕೆ ಚೀಟಿ.

ಮೊದಲು ಕನ್ನಡದಲ್ಲಿ ಮೂರು ಸಾಲು ಬರೆದು ಅಂಟಿಸಿದ್ದೆ. ಔರಾದಿನಲ್ಲಿ ಮರಾಠಿ ಓದುವವರು, ಬೀದರಿನ ಲ್ಯಾಬಿನಲ್ಲಿ ಉರ್ದು ಓದುವವರು, ಯಾರೂ ಆ ಮೂರು ಸಾಲು ಓದಲಿಲ್ಲ. ಕೊನೆಗೆ ಲ್ಯಾಬಿನ ಖಾಜಾ ಭಾಯಿಯೇ ದಾರಿ ತೋರಿಸಿದರು. "ಆಪಾ, ಇಷ್ಟುದ್ದ ಯಾರ್ ಓದ್ತಾರ? ನಕ್ಕೋ ಅಂತ ಬರೀರಿ, ಬಸ್. ಬೀದರದಿಂದ ಔರಾದ್ ತನಕಾ ಎಲ್ಲಾರಿಗಿ ತಿಳೀತದ." ನಮ್ಮ ಕಡೆ ನಕ್ಕೋ ಎಂದರೆ ಬೇಡ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ. ಹಳದಿ ಕಾಗದದಲ್ಲಿ ಮೂರೂ ಲಿಪಿಗಳಲ್ಲಿ ದಪ್ಪಗೆ 'ನಕ್ಕೋ' ಎಂದು ಬರೆದು, ಕೆಳಗೆ 'ತಡೆ ಹಾಕಲಾಗಿದೆ' ಎಂದು ಸೇರಿಸಿ, ನನ್ನ ಸಹಿ ಹಾಕಿ, ಪ್ರತಿ ಪರದೆಯ ಮೇಲಂಚಿಗೆ ಅಂಟಿಸಿದೆ. ಪರದೆಯ ಮೇಲಂಚಿಗೆ. ಇದನ್ನು ನೆನಪಿಡಬೇಕು.

ಖಾಜಾ ಭಾಯಿ ಆ ಚೀಟಿಗೆ ಎಷ್ಟು ನಿಷ್ಠರಾದರೆಂದರೆ, ಪರದೆ ಏನು ಕೇಳಿದರೂ ಬೇಡ ಎಂದೇ ಒತ್ತತೊಡಗಿದರು. ಒಂದು ಸಂಜೆ ಇಡೀ ದಿನದ ರಿಪೋರ್ಟು ಟೈಪು ಮಾಡಿ ಮುಚ್ಚುವಾಗ, ಉಳಿಸಿಕೊಳ್ಳಬೇಕೇ ಎಂದು ಕಂಪ್ಯೂಟರು ಕೇಳಿತು. ಅವರು ಬೇಡ ಎಂದರು. ಎಲ್ಲ ಹೋಯಿತು. ನಾನು ಓಡಿ ಹೋದಾಗ ಕೈ ಕಟ್ಟಿಕೊಂಡು ಕೂತಿದ್ದರು.

"ಏನ್ ಮಾಡಿದ್ರಿ ಭಾಯಿ?"

"ನೀವೇ ಹೇಳೀರಲ್ಲ ಆಪಾ, ನಕ್ಕೋ ಅಂತ. ನಾ ನಕ್ಕೋ ಅಂದೆ. ಅದೂ ಭಾಳ ಮರ್ಯಾದಿಲೆ, ಶರಾಫತ್‌ದಿಂದ ಕೇಳ್ತು, ನಾನೂ ಶರಾಫತ್‌ದಿಂದ ಹೇಳ್ದೆ."

ಇಬ್ಬರೂ ಕೂತು ಎಲ್ಲವನ್ನೂ ಮತ್ತೆ ಟೈಪು ಮಾಡಿದೆವು. ಆಗ ನಗು ಬಂದಿತ್ತು. ಜನ ಪರದೆ ಓದುವುದನ್ನು ಬಿಟ್ಟು ನನ್ನ ಚೀಟಿ ಓದುತ್ತಿದ್ದಾರೆ ಎಂದು ಅಂದೇ ನನಗೆ ಹೊಳೆಯಬೇಕಿತ್ತು.

ಔರಾದಿನ ನೋಂದಣಿ ಕೌಂಟರಿನಲ್ಲಿ ತುಕಾರಾಮ್ ಎಂಬವರಿದ್ದರು. ಅವರದು ತದ್ವಿರುದ್ಧ ಸ್ವಭಾವ. ಹೊಸದು ಎಂದರೆ ಬೇಕೇ ಬೇಕು. ನಾನು ಹೋದಾಗಲೆಲ್ಲ ಅದೇ ಜಗಳ. "ಬಾಯಿ, ನಮ್ಮ ಸಡ್ಡಕನ ಅಂಗಡ್ಯಾಗಿನ ಕಂಪ್ಯೂಟರ್ ನೋಡ್ರಿ, ಹ್ಯಾಂಗ ಮಿಂಚತದ. ನಮ್ಮದು ನೋಡಿದ್ರ ಮುದುಕನ ಮಾರಿ ಆಗ್ಯಾದ." ಅವರ ಕಂಪ್ಯೂಟರಿಗೆ ನೆಟ್ ಸಂಪರ್ಕವೇ ಇರಲಿಲ್ಲ. ರೋಗಿಯ ಹೆಸರು ಬರೆದು ನೋಂದಣಿ ಚೀಟಿ ಮುದ್ರಿಸುವುದಷ್ಟೇ ಅದರ ಕೆಲಸ. ನೆಟ್ ಇಲ್ಲದ ಮೇಲೆ ಅಪ್‌ಗ್ರೇಡ್ ಎಲ್ಲಿಂದ ಬರಬೇಕು? ಅದೊಂದಕ್ಕೆ ನಾನು ತಡೆಯ ಫೈಲು ಹಾಕಿರಲಿಲ್ಲ. ಹಾಕುವ ಅಗತ್ಯ ಕಾಣಲಿಲ್ಲ.

ವರ್ಷಗಳು ಹೀಗೇ ಹೋದವು. ಹೊಸ ಬ್ರೌಸರು ಬಂದಾಗಲೆಲ್ಲ ಹಳೆಯ ತಡೆ ಸಾಲುತ್ತಿರಲಿಲ್ಲ. ಮತ್ತೊಂದು ಫೈಲು, ಮತ್ತೆ ಬಸ್ಸು, ಮತ್ತೆ ಒಂದೊಂದು ಮೇಜಿನ ಕೆಳಗೆ ಬಗ್ಗುವುದು. ಬ್ರೌಸರ್ ಹಳತಾದಷ್ಟೂ ಬೇರೆ ತೊಂದರೆಗಳು ಸೇರಿಕೊಂಡವು. ಪರದೆ ತುಂಬ ಜಾಹೀರಾತು, ವೈರಸ್. ಸೋರುವ ಮನೆ ರಿಪೇರಿ ಮಾಡಲು ಬಂದವರನ್ನೇ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡಿದ್ದೆ. ಪ್ರೋಗ್ರಾಮನ್ನೇ ಹೊಸದಾಗಿ ಬರೆಸೋಣ ಎಂದು ನಮ್ಮ ಮುಖ್ಯ ವೈದ್ಯಾಧಿಕಾರಿಗಳಿಗೆ ಹೇಳಿದೆ. ಅವರು ಕೆಟ್ಟವರಲ್ಲ, ದುಡಿಯುವ ಮನುಷ್ಯ, ಯಾವಾಗಲೂ ಆಪರೇಷನ್ ಥಿಯೇಟರಿನಿಂದ ಬಂದವರೇ, ಇಲ್ಲ ಹೊರಟವರೇ. "ನಡೀಲತ್ತದಲ್ಲ ಬಾಯಿ? ನಡೀಲತ್ತಿದ್ದಕ್ಕ ಯಾಕ ಕೈ ಹಾಕ್ತೀರಿ? ನೀವ್ ತಡೀತೀರಲ್ಲ, ತಡೀರಿ" ಎಂದರು. ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲಿಲ್ಲ. ನನಗೂ ಸಾಕಾಗಿತ್ತು.

ಆ ಘಟನೆಗೆ ಬರುತ್ತೇನೆ.

ಒಂದು ಬುಧವಾರ ಭಾಲ್ಕಿಯ ವಾರ್ಡಿನ ಕಂಪ್ಯೂಟರು ಸುಟ್ಟಿತು. ಕರೆಂಟು ಏರಿಳಿದು ಡಬ್ಬಿಯೊಳಗಿಂದ ಹೊಗೆ ಬಂತಂತೆ. ಡಬ್ಬಿ ಎಂದರೆ ನಾವು ಸಿಪಿಯು ಎನ್ನುವ ಪೆಟ್ಟಿಗೆ. ಪರದೆ ಚೆನ್ನಾಗಿಯೇ ಇತ್ತು. ಹೊಸ ಡಬ್ಬಿ ಬರಲು ತಿಂಗಳಾಗುತ್ತದೆ. ಔರಾದಿನ ತುಕಾರಾಮರ ಕೌಂಟರಿನಲ್ಲಿ ಆ ತಿಂಗಳಿಡೀ ಕೈಯಲ್ಲೇ ಬರೆದರೂ ನಡೆಯುತ್ತದೆ. ಗುರುವಾರ ನಾನು ಔರಾದಿಗೆ ಹೋಗಿ ಅವರ ಡಬ್ಬಿಯನ್ನು ಬಿಚ್ಚಿದೆ. "ಒಯ್ರಿ ಮುದುಕನ್ನ, ಭಾಲ್ಕಿ ತೋರಿಸ್ರಿ" ಎಂದು ಅವರೇ ಹಳೆಯ ಚಾದರದಲ್ಲಿ ಸುತ್ತಿಕೊಟ್ಟರು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಕಂಡಕ್ಟರ್ "ಏನ್ ಅದರಿ ಬಾಯಿ, ಖೋವಾ ಏನ್?" ಎಂದು ಕೇಳಿದ. ನಕ್ಕೆ. ಇದೆಲ್ಲ ನನಗೆ ಇಷ್ಟು ಸ್ಪಷ್ಟವಾಗಿ ಯಾಕೆ ನೆನಪಿದೆ ಎಂದು ಕೇಳಬೇಡಿ.

ಭಾಲ್ಕಿಗೆ ಬಂದಾಗ ಸಂಜೆಯಾಗುತ್ತಿತ್ತು. ಡಬ್ಬಿಯನ್ನು ಮೇಜಿನ ಕೆಳಗಿಟ್ಟು, ಪರದೆಯ ವೈರು ಹಚ್ಚಿ, ನೆಟ್ಟಿನ ವೈರು ಹಚ್ಚಿದೆ. ಚಾಲೂ ಆಯಿತು. ಪ್ರೋಗ್ರಾಮ್ ತೆರೆಯಿತು. ತಲೆ ಎತ್ತಿದರೆ ಪರದೆಯ ಮೇಲಂಚಿಗೆ ಹಳದಿ ಚೀಟಿ: ನಕ್ಕೋ. ತಡೆ ಹಾಕಲಾಗಿದೆ. ಕೆಳಗೆ ನನ್ನ ಸಹಿ.

ತಡೆ ಇರುವುದು ಡಬ್ಬಿಯಲ್ಲಿ. ಚೀಟಿ ಇರುವುದು ಪರದೆಯ ಮೇಲೆ. ಡಬ್ಬಿ ಬದಲಾಗಿತ್ತು, ಚೀಟಿ ಅಲ್ಲೇ ಇತ್ತು. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಬೀದರಿನ ಬಸ್ಸಿಗೆ ಹೊತ್ತಾಗಿತ್ತು, ಸೊಂಟ ನೋಯುತ್ತಿತ್ತು, ಎದುರಿಗೆ ಸಹಿ ಇತ್ತು. ನನ್ನದೇ ಸಹಿ ನೋಡಿ ನಾನೇ ನಂಬಿದೆ. ಪೆನ್ ಡ್ರೈವ್ ಚೀಲದಿಂದ ಹೊರಗೆ ಬರಲಿಲ್ಲ.

ಶನಿವಾರ ಭಾಲ್ಕಿಯ ಸುಶೀಲಾ ಸಿಸ್ಟರ್ ಫೋನು ಮಾಡಿದರು. ಹದಿನೈದು ವರ್ಷದಿಂದ ಆ ವಾರ್ಡು ನೋಡಿಕೊಂಡವರು, ಸುಮ್ಮಸುಮ್ಮನೆ ಫೋನು ಮಾಡುವವರಲ್ಲ.

"ಅಕ್ಕಾ, ಗುರುವಾರ ಬಂದ್ ಮಾಡುವಾಗ ಕಂಪ್ಯೂಟರ್ ಭಾಳ ತಡಾ ಮಾಡ್ತರಿ. ಈಗ ಪರದಿ ಜರಾ ಬ್ಯಾರೆ ಕಾಣಸ್ತದ."

"ಬ್ಯಾರೆ ಅಂದ್ರ ಹ್ಯಾಂಗ?"

"ಮ್ಯಾಲಿನ ಗುಂಡಿ ಎಲ್ಲಾ ಬ್ಯಾರೆ ಥರಾ ಅವರಿ. ಕೆಲಸ ನಡೀಲತ್ತದ, ಆದ್ರ..."

"ಚೀಟಿ ಅದನೋ ಇಲ್ಲೋ?"

"ಅದರಿ. ನಿಮ್ಮ ಸಹಿನೂ ಅದ."

"ಹಂಗಾದ್ರ ಏನೂ ಆಗಿರಂಗಿಲ್ಲ ಸಿಸ್ಟರ್. ಅದು ಔರಾದಿನ ಡಬ್ಬಿ ಅದ, ಅದಕ್ಕ ಬ್ಯಾರೆ ಕಾಣಸ್ತದ."

ಈ ಫೋನನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಮತ್ತೆ ಕೇಳಿದ್ದೇನೋ ಲೆಕ್ಕವಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಅವರ ಆ 'ಆದ್ರ' ಎಂಬುದು ಕಿವಿಯಲ್ಲಿ ಬರುತ್ತದೆ. ಅದರ ಮುಂದೆ ಏನು ಹೇಳುವವರಿದ್ದರು ಎಂದು ನಾನು ಅವರನ್ನು ಕೊನೆಗೂ ಕೇಳಲಿಲ್ಲ.

ಆ ಮೂರು ದಿನ ಏನೂ ಆಗಲಿಲ್ಲ, ಯಾಕೆಂದರೆ ಪಟ್ಟಿ ಚಿಕ್ಕದಿತ್ತು. ಒಂದೇ ಪರದೆಯಲ್ಲಿ ಹಿಡಿಯುತ್ತಿತ್ತು, ಸರಿಸುವ ಪ್ರಸಂಗವೇ ಇರಲಿಲ್ಲ. ಸೋಮವಾರ ಹಾಗಲ್ಲ. ಭಾನುವಾರ ಬಂದವರು, ಸೋಮವಾರ ಬೆಳಿಗ್ಗೆ ಬಂದವರು ಎಲ್ಲ ಸೇರಿ ಪಟ್ಟಿ ಉದ್ದವಾಗುತ್ತದೆ.

ಆ ಸೋಮವಾರ ನಾನು ಭಾಲ್ಕಿಯಲ್ಲೇ ಇದ್ದೆ, ಪ್ರಿಂಟರ್ ಕೆಟ್ಟಿದೆ ಎಂದು ಕರೆಸಿದ್ದರು. ವಾರ್ಡಿನ ಮೂಲೆಯ ಮೇಜಿನ ಹಿಂದೆ ನೆಲದ ಮೇಲೆ ಕೂತು ಪ್ರಿಂಟರಿನಲ್ಲಿ ಸಿಕ್ಕಿದ ಕಾಗದ ತೆಗೆಯುತ್ತಿದ್ದೆ. ಪ್ರಿಂಟರ್ ಸರಿಯಿದ್ದಿದ್ದರೆ ಕಾಗದದ ಮೇಲೆ ಒಬ್ಬೊಬ್ಬರ ರಿಪೋರ್ಟು ಬೇರೆ ಬೇರೆ ಬರುತ್ತಿತ್ತು. ಅಂದು ಸಿಸ್ಟರ್ ಪರದೆ ನೋಡಿ ಓದುತ್ತಿದ್ದರು, ಡ್ಯೂಟಿಯಲ್ಲಿದ್ದ ಕಿರಿಯ ಡಾಕ್ಟರು ಕೇಸ್ ಶೀಟಿನಲ್ಲಿ ಬರೆದುಕೊಳ್ಳುತ್ತಿದ್ದರು. ಒಬ್ಬರು ಓದುವುದು, ಒಬ್ಬರು ಬರೆಯುವುದು. ನಮ್ಮಲ್ಲಿ ಮೊದಲಿನಿಂದಲೂ ಅದೇ ರೂಢಿ.

ಹತ್ತಿರದ ಮಂಚದಲ್ಲಿ ಖಟಕ ಚಿಂಚೋಳಿಯ ಮಾಣಿಕಪ್ಪ ಎಂಬವರಿದ್ದರು. ಕಿಡ್ನಿ ಕೆಟ್ಟು ಕಾಲು ಬಾತು ಬಂದವರು. ಅವರ ಹೆಂಡತಿ ಕಾಶಿಬಾಯಿ ಕಾಲ ಬಳಿ ಕೂತಿದ್ದರು. ಅದರಾಚೆಯ ಮಂಚದಲ್ಲಿ ಹಲಬರ್ಗಾದ ಒಬ್ಬ ಹೆಣ್ಣುಮಗಳು, ವಾಂತಿ ಭೇದಿಯಿಂದ ನೀರಾಗಿ ಹೋಗಿದ್ದಳು. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಉಪ್ಪಿನಂಶವಿದೆ. ವಾಂತಿ ಭೇದಿಯಾದರೆ ಅದು ಇಳಿಯುತ್ತದೆ, ಬಾಟಲಿಯಲ್ಲಿ ಕೊಡಬೇಕು. ಕಿಡ್ನಿ ಕೆಟ್ಟರೆ ಅದು ಏರುತ್ತದೆ. ಏರಿದವರಿಗೆ ಇನ್ನಷ್ಟು ಕೊಟ್ಟರೆ ಹೃದಯ ನಿಲ್ಲುತ್ತದೆ. ಇದನ್ನೆಲ್ಲ ನಾನು ಆಮೇಲೆ ಕಲಿತೆ.

ಸಿಸ್ಟರ್ ಮಾಣಿಕಪ್ಪನವರ ಸಾಲಿನಲ್ಲಿ ಕಡಿಮೆ ಅಂಕಿ ಓದಿದರು. ಕಿರಿಯ ಡಾಕ್ಟರು ಒಂದು ಕ್ಷಣ ಹುಬ್ಬು ಗಂಟಿಕ್ಕಿ, "ಕಡಿಮಿ ಅದನಾ? ಮತ್ತೊಮ್ಮಿ ಓದ್ರಿ ಸಿಸ್ಟರ್" ಎಂದರು. ಸಿಸ್ಟರ್ ಮತ್ತೆ ಓದಿದರು. ಅದೇ ಅಂಕಿ. ಊರಲ್ಲಿ ಯಾರೋ ಮೂತ್ರ ಇಳಿಯುವ ಗುಳಿಗೆ ಕೊಟ್ಟಿದ್ದರಂತೆ, ಅದರಿಂದ ಇಳಿದಿರಬಹುದು ಎಂದುಕೊಂಡರು. ಬಾಟಲಿಗೆ ಪೊಟ್ಯಾಸಿಯಂ ಹಾಕಿ ಹಚ್ಚಲು ಬರೆದುಕೊಟ್ಟು ಮುಂದಿನ ರೋಗಿಗೆ ಹೋದರು. ಸಿಸ್ಟರ್ ಬಾಟಲಿ ಹಚ್ಚಿದರು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು.

ಸ್ವಲ್ಪ ಹೊತ್ತಿಗೆ ಮಾಣಿಕಪ್ಪ ಹೇಳಿದ್ದು ಕೇಳಿಸಿತು. "ಕೈ ಉರೀಲತ್ತದ."

ಕಾಶಿಬಾಯಿ ಎದ್ದು, "ಸಿಸ್ಟರ್‌ಬಾಯಿ, ಇವರ ಕೈ ಉರೀಲತ್ತದಂತರಿ" ಎಂದರು.

"ಆ ಔಷಧಕ್ಕ ಉರೀತದವ್ವ. ಸಣ್ಣಂಗ ಬಿಟ್ಟೀನಿ, ತಡಕೋರಿ."

"ತಡಕೋ ಅಂತಾರ ನೋಡ್ರಿ" ಎಂದು ಕಾಶಿಬಾಯಿ ಗಂಡನಿಗೆ ಹೇಳಿದರು. "ಹೊಲದಾಗ ಚೇಳ ಕಡದ್ರೂ ಸುಮ್ನಿರ್ತೀರಿ, ಇಲ್ಲಿ ಒಂದು ಸೂಜಿಗಿ ಒದರ್ತೀರಿ."

ನಾನು ಪ್ರಿಂಟರ್ ಸರಿಮಾಡಿ, ಪರೀಕ್ಷೆಗೆಂದು ಯಾವುದಾದರೂ ಒಂದು ರಿಪೋರ್ಟು ತೆಗೆಯೋಣ ಎಂದು ಎದ್ದು ನಿಂತೆ. ಪರದೆ ನೋಡಿದೆ. ಮೇಲಿನ ಗುಂಡಿಗಳ ಆಕಾರ ಬೇರೆಯಿತ್ತು. ಹೊಸ ಬ್ರೌಸರ್. ಅದರ ಮೇಲೆಯೇ ಹಳದಿ ಚೀಟಿ. ಕೈ ಮೌಸಿನ ಮೇಲೆ ಹೋಯಿತು. ಪಟ್ಟಿಯನ್ನು ಒಂದಿಷ್ಟು ಕೆಳಗೆ ಸರಿಸಿದೆ. ಬಲಗಡೆಯ ಅಂಕಿಗಳು ಸರಿದವು. ಎಡಗಡೆಯ ಹೆಸರುಗಳು ನಿಂತಲ್ಲೇ ನಿಂತಿದ್ದವು.

ಮತ್ತೊಮ್ಮೆ ಸರಿಸಿದೆ. ಮಾಣಿಕಪ್ಪನ ಹೆಸರಿನ ಎದುರು ಬೇರೊಂದು ಅಂಕಿ ಬಂತು. ಮತ್ತೊಮ್ಮೆ ಸರಿಸಿದರೆ ಮತ್ತೊಂದು. ಯಾರ ರಕ್ತ ಬೇಕಾದರೂ ಯಾರದಾದರೂ ಆಗಬಹುದಿತ್ತು.

ಆ ಕ್ಷಣ ಎಷ್ಟು ಉದ್ದವಿತ್ತೋ ತಿಳಿಯದು. ಮೊದಲು ಬಂದ ವಿಚಾರವನ್ನು ಇಲ್ಲಿ ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಮೊದಲು ಬಂದದ್ದು ಚೀಟಿಯನ್ನು ಕಿತ್ತು ಮುಠ್ಠಿಯಲ್ಲಿ ಅಡಗಿಸಿಕೊಳ್ಳಬೇಕೆಂದು. ಮಾಣಿಕಪ್ಪನ ವಿಚಾರ ಬಂದದ್ದು ಅದರ ನಂತರ. ಅಷ್ಟು ಹೊತ್ತು ಆ ಬಾಟಲಿ ಹನಿಯುತ್ತಿತ್ತು.

ಆಮೇಲೆ ಓಡಿದೆ. ಬಾಟಲಿ ನಿಲ್ಲಿಸುವ ಚಕ್ರ ಎಲ್ಲಿರುತ್ತದೆ, ಯಾವ ಕಡೆ ತಿರುಗಿಸಬೇಕು, ನನಗೆ ಗೊತ್ತಿರಲಿಲ್ಲ. ನಳಿಗೆಯನ್ನು ಎರಡು ಮಡಿಕೆ ಮಾಡಿ ಬೆರಳುಗಳಲ್ಲಿ ಹಿಸುಕಿ ಹಿಡಿದು ಕೂಗಿದೆ. "ಸಿಸ್ಟರ್! ಅವರದಲ್ಲ ಅದು! ಅವರ ನಂಬರ್ ಅಲ್ಲ ಅದು!"

ಸುಶೀಲಾ ಸಿಸ್ಟರ್ ನನ್ನ ಮುಖ ನೋಡಿದ ಕೂಡಲೇ ಏನೂ ಕೇಳದೆ ನಳಿಗೆ ಬಿಚ್ಚಿದರು. ನಾನು ಮಾತ್ರ ಆ ಖಾಲಿ ನಳಿಗೆಯನ್ನು ಬಿಡಲಿಲ್ಲ. ಕಿರಿಯ ಡಾಕ್ಟರು ಎದೆಗೆ ಇಸಿಜಿ ವೈರು ಹಚ್ಚಿದರು. ಕಾಗದದ ಮೇಲೆ ಗೆರೆ ಎತ್ತರೆತ್ತರ, ಚೂಪಾಗಿ ಬರುತ್ತಿತ್ತು. ಪೊಟ್ಯಾಸಿಯಂ ಏರಿದ ಗುರುತು ಅದು, ನೋಡಿದ್ದೇ ಅವರು ಔಷಧದ ಕಪಾಟಿಗೆ ಓಡಿದರು. ಒಂದು ಇಂಜೆಕ್ಷನ್, ಇನ್ನೊಂದು. ಮಾಣಿಕಪ್ಪ, "ಕಾಲ್ ಎತ್ತಾಕ ಆಗವಲ್ದು" ಎಂದರು. ಆಮೇಲೆ ಮಾತು ನಿಲ್ಲಿಸಿದರು. ಕಾಶಿಬಾಯಿ ಅವರ ಹೆಬ್ಬೆರಳು ಹಿಡಿದು, "ಒದರ್ರಿ, ಒದರ್ರಿ ಬೇಕಾದ್ರ, ನಾ ಏನೂ ಅನ್ನಂಗಿಲ್ಲ" ಎನ್ನುತ್ತಿದ್ದರು.

ಗಾಡಿಯಲ್ಲಿ ಬೀದರಿಗೆ ಸಾಗಿಸಿದರು. ಅಲ್ಲಿ ಡಯಾಲಿಸಿಸ್‌ನಿಂದ ರಕ್ತ ಶುದ್ಧಿ ಮಾಡಿದರು. ಎರಡನೆಯ ದಿನ ಅವರು ಚಹಾ ಕೇಳಿದರು ಎಂಬ ಸುದ್ದಿಯನ್ನು ಖಾಜಾ ಭಾಯಿ ನನಗೆ ಹೇಳಿದರು. ಆ ಕಡಿಮೆ ಅಂಕಿ ಹಲಬರ್ಗಾದ ಹೆಣ್ಣುಮಗಳದಾಗಿತ್ತು. ಅವಳಿಗೂ ಅವಳ ಬಾಟಲಿ ಅಂದೇ ಹತ್ತಿತ್ತು, ಅವಳೂ ನಡೆದೇ ಮನೆಗೆ ಹೋದಳು.

ಮುಖ್ಯ ವೈದ್ಯಾಧಿಕಾರಿಗಳು ವರದಿ ಕೇಳಿದರು. ಎದುರಿಗೆ ಕೂರಿಸಿಕೊಂಡರು. "ಬ್ರೌಸರ್ ತಾನಾಗಿಯೇ ಅಪ್‌ಗ್ರೇಡ್ ಆಯ್ತು, ಅದರಿಂದ ಪುಟ ಕೆಟ್ಟಿತು ಅಂತ ಬರೀರಿ. ಸುಳ್ಳೇನ್ ಅಲ್ಲಲ್ಲ?" ಎಂದರು. ಸುಳ್ಳಲ್ಲ. ಅಷ್ಟೇ ಬರೆದೆ. ಡಬ್ಬಿ ತಂದವರು ಯಾರು, ತಡೆ ಹಾಕಬೇಕಾದವರು ಯಾರು, ಶನಿವಾರದ ಫೋನು, ಯಾವುದನ್ನೂ ಬರೆಯಲಿಲ್ಲ. ಸುಶೀಲಾ ಸಿಸ್ಟರ್ ಒಬ್ಬರಿಗೆ ಎಲ್ಲ ಗೊತ್ತಿತ್ತು. ಅವರೂ ಏನೂ ಹೇಳಲಿಲ್ಲ. ಆಮೇಲೆ ಅವರು ನನಗೆ ಫೋನು ಮಾಡುವುದನ್ನು ಕಡಿಮೆ ಮಾಡಿದರು.

ಮಾಣಿಕಪ್ಪನ ಮನೆಯವರಿಗೆ ವೈದ್ಯಾಧಿಕಾರಿ ಸಾಹೇಬರು ಹೇಳಿದ್ದು, "ಕಂಪ್ಯೂಟರ್ ತಪ್ಪ್ ಮಾಡಿತ್ತು, ಈ ಬಾಯಿ ನೋಡಿ ತಡದ್ರು" ಎಂದು. ನಾನು ಅಲ್ಲೇ ನಿಂತಿದ್ದೆ. ಕಾಶಿಬಾಯಿ ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು.

ಅಂದಿನಿಂದ ಪ್ರತಿ ವರ್ಷ ತೊಗರಿ ರಾಶಿಯಾದ ಮೇಲೆ ಅವರ ಮನೆಯಿಂದ ಒಂದು ಗಂಟು ಬೇಳೆ ಬರುತ್ತದೆ. ಮನೆಯಲ್ಲೇ ಬೀಸಿದ ಬೇಳೆ, ಬಿಳಿ ಬಟ್ಟೆಯ ಗಂಟು, ಭಾಲ್ಕಿಯ ಬಸ್ಸಿನಲ್ಲಿ ಯಾರದಾದರೂ ಕೈಯಲ್ಲಿ ಕಳಿಸುತ್ತಾರೆ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಇಡೀ ಆಯುಷ್ಯ ಬೇಡ ಎನ್ನುವುದನ್ನೇ ದುಡಿಮೆ ಮಾಡಿಕೊಂಡವಳಿಗೆ. ಆದರೆ ಒಂದು ವರ್ಷವೂ ಅದನ್ನು ಮನೆಯಲ್ಲಿ ಬೇಯಿಸಲಿಲ್ಲ. ಬುದ್ಧ ವಿಹಾರದ ಊಟಕ್ಕೆ ಕೊಟ್ಟುಬಿಡುತ್ತಿದ್ದೆ. ನಿವೃತ್ತಿಯ ದಿನ ಶಾಲು ಹೊದಿಸಿ, "ಇವರು ತಮ್ಮ ಕಾಲದಾಗ ಒಂದು ಜೀವಾ ಉಳಸ್ಯಾರ" ಎಂದು ಭಾಷಣ ಮಾಡಿದರು. ಶಾಲು ಇನ್ನೂ ಆ ಪ್ಲಾಸ್ಟಿಕ್ ಚೀಲದಲ್ಲೇ ಇದೆ.

ಆ ಘಟನೆಯ ನಂತರ ಕೆಲಸದ ರೀತಿ ಬದಲಾಯಿತು. ಮೊದಲು ಎಲ್ಲ ಪರದೆಗಳ ಚೀಟಿ ಕಿತ್ತೆ. ಡಬ್ಬಿಗಳ ಮೈಮೇಲೆ ನಂಬರು ಬರೆಸಿದೆ. ಯಾವ ಡಬ್ಬಿ ಯಾವಾಗ ಯಾವ ಊರಿಗೆ ಹೋಯಿತು ಎಂದು ಒಂದು ರಿಜಿಸ್ಟರು. ಡಬ್ಬಿ ಜಾಗ ಬಿಟ್ಟರೆ ಅದನ್ನು ಹೊಸದೆಂದೇ ತಿಳಿದು ಮೊದಲಿನಿಂದ ಪರೀಕ್ಷೆ ಮಾಡಬೇಕು. ಪ್ರೋಗ್ರಾಮನ್ನು ಹೊಸದಾಗಿ ಬರೆಸಲು ಈ ಸಲ ಸಾಹೇಬರು ಒಂದು ಮಾತೂ ಆಡದೆ ಸಹಿ ಮಾಡಿದರು. ಹೊಸದರಲ್ಲಿ ಹೆಸರು ಬೇರೆ, ಅಂಕಿ ಬೇರೆ ಇರಲಿಲ್ಲ. ಒಬ್ಬರನ್ನು ತೆರೆದರೆ ಅವರೊಬ್ಬರದೇ ಪುಟ. ಅದು ಯಾವ ಬ್ರೌಸರಿನಲ್ಲೂ ನಡೆಯುತ್ತಿತ್ತು. ಅಪ್‌ಗ್ರೇಡ್ ಬಂದರೆ ನನ್ನ ಮೇಜಿನ ಒಂದು ಕಂಪ್ಯೂಟರಿಗೆ ಮೊದಲು ಬಿಟ್ಟು, ಒಂದು ವಾರ ಖಾಜಾ ಭಾಯಿಯನ್ನು ಕೂರಿಸಿ ಉದ್ದನೆಯ ಪಟ್ಟಿ ಓದಿಸಿ, ಆಮೇಲೆ ಉಳಿದವಕ್ಕೆ ಬಿಡುತ್ತಿದ್ದೆವು. "ಈಗ ನಕ್ಕೋ ಇಲ್ಲೇನ್ ಆಪಾ?" ಎಂದು ಅವರು ಕೇಳುತ್ತಿದ್ದರು.

ಹುಡುಗಿಯ ಫೋನು ಬಂದ ಮೇಲೆ ಎರಡು ದಿನ ಒದ್ದಾಡಿದೆ. ಬಂದ್ ಮಾಡಬೇಡ ಎಂದು ಹೇಳಬಹುದು. ಯಾಕೆ ಎಂದು ಕೇಳಿದರೆ? ಅವಳಿಗೆ ಹೇಳುವ ಮೊದಲು ಹೇಳಬೇಕಾದವರು ಬೇರೆ ಇದ್ದರು. ಭಾನುವಾರ ಬೆಳಿಗ್ಗೆ ಭಾಲ್ಕಿಗೆ ಹೋಗಿ, ಅಲ್ಲಿಂದ ಖಟಕ ಚಿಂಚೋಳಿಯ ಬಸ್ಸು ಹತ್ತಿದೆ.

ಮಾಣಿಕಪ್ಪ ಅಂಗಳದ ಬಿಸಿಲಿನಲ್ಲಿ ಹೊರಸಿನ ಮೇಲೆ ಕೂತಿದ್ದರು. ಮೈ ಇಳಿದಿದೆ, ಆದರೆ ದನಿ ಗಟ್ಟಿಯಿದೆ. "ಬರ್ರಿ ಬಾಯಾರ! ಈ ವರ್ಷದ ಗಂಟು ಇನ್ನಾ ಕಳಿಸಿಲ್ಲ ಅಂತ ಜಗಳಾಡ್ಲಾಕ ಬಂದ್ರೇನ್?" ಎಂದು ನಕ್ಕರು. "ಡಾಕ್ಟರ್ ನನಗ ಬ್ಯಾಳಿ ಕಮ್ಮಿ ತಿನ್ನು ಅಂದಾರ. ನನ್ನ ಪಾಲಿಂದೇ ನಿಮಗ ಬರ್ತದ."

ಕಾಶಿಬಾಯಿ ನೀರು ಕೊಟ್ಟರು. ಕುಡಿದೆ. ಚಹಾ ಇಡಲು ಎದ್ದವರನ್ನು ಕೂರಿಸಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಹೋಗಿದ್ದವು. ಬ್ರೌಸರು, ಫೈಲು ಎಂದೆಲ್ಲ ಹೇಳಿ ಅವರ ಕಣ್ಣಿಗೆ ಮಣ್ಣೆರಚಬಾರದು ಎಂಬುದೊಂದೇ ನೆನಪಿತ್ತು.

"ಆ ದಿವಸ ಕಂಪ್ಯೂಟರ್ ತಪ್ಪ್ ತೋರಸ್ತಲ್ರಿ. ಆ ಕಂಪ್ಯೂಟರ್ ತಂದು ಇಟ್ಟಾಕಿ ನಾನೇ. ತಪ್ಪ್ ತೋರಸಲಾರದಂಗ ಮಾಡೋದು ನನ್ನ ಕೆಲಸಿತ್ತು. ಮಾಡಿರಲಿಲ್ಲ. ಮಾಡೀನಿ ಅಂತ ಚೀಟಿ ಹಚ್ಚಿದ್ದೆ. ಎರಡ್ ದಿನ ಮೊದಲೇ ಸಿಸ್ಟರ್ ಫೋನ್ ಮಾಡಿ ಕೇಳಿದ್ರು, ನಾ ಕಿವಿಗಿ ಹಾಕೊಳ್ಳಲಿಲ್ಲ."

ಮಾಣಿಕಪ್ಪ ತಮ್ಮ ಎಡಗೈ ತಿರುಗಿಸಿ ನೋಡಿಕೊಂಡರು. ಸೂಜಿ ಚುಚ್ಚಿದ ಕೈ. "ಅಂದ್ರ ಆ ಬಾಟ್ಲಿ ನಿಮ್ಮಿಂದ ಹತ್ತಿತ್ತೇನ್ರಿ?"

"ಹೌದ್ರಿ. ನನ್ನಿಂದ."

"ಇಷ್ಟ್ ವರ್ಷ ಯಾಕ ಸುಮ್ನಿದ್ರಿ?" ಇದು ಕಾಶಿಬಾಯಿ.

"ಅಂಜಿಕಿ."

"ಅಂಜಿಕಿ ಇತ್ತು. ಮತ್ತ ನಮ್ಮ ಗಂಟು ಹ್ಯಾಂಗ ತಗೊಂಡ್ರಿ?"

ಕಾಶಿಬಾಯಿ ಎದ್ದು ಒಳಗೆ ಹೋದರು. ಮಾಣಿಕಪ್ಪ ಕೆಮ್ಮಿ, ನನ್ನ ಕಡೆ ನೋಡದೆ, "ಆಕಿ ಮಾತು ಹಂಗೇ" ಎಂದರು. ನಾನು ಚಪ್ಪಲಿ ಹುಡುಕಿದೆ.

ಕಾಶಿಬಾಯಿ ಹೊರಗೆ ಬಂದಾಗ ಕೈ ತುಂಬ ಬಿಳಿ ಗಂಟು ಇತ್ತು. ನನ್ನೆದುರೇ ಕೂತು ಗಂಟು ಬಿಚ್ಚಿದರು. ಮೊರದಲ್ಲಿ ಸುರಿದರು. ಬೊಗಸೆ ಬೊಗಸೆಯಾಗಿ ತೆಗೆದು, ಅರ್ಧದಷ್ಟನ್ನು ಮನೆಯ ಬೇಳೆ ಡಬ್ಬಕ್ಕೆ ವಾಪಸು ಹಾಕಿದರು. ಉಳಿದ ಅರ್ಧವನ್ನು ಅದೇ ಬಟ್ಟೆಯಲ್ಲಿ ಕಟ್ಟಿ, ಗಂಟನ್ನು ಎರಡು ಸಲ ಬಿಗಿದು, ನನ್ನ ಮುಂದಿಟ್ಟರು.

"ಬ್ಯಾಡ ಕಾಶಿಬಾಯಿ..."

"ನಿಮ್ಮ ತಪ್ಪಿಂದು ಅರ್ಧಾ ತಗದೀನಿ. ಆದ್ರ ಆ ನಳಿಗಿ ಹಿಡದಿದ್ರಿ. ನಾ ಕಣ್ಣಾರೆ ನೋಡೀನಿ, ಬಿಡಸಿದ್ರೂ ಬಿಡಲಿಲ್ಲ. ಅದು ಸುಳ್ಳಲ್ಲ. ಇದು ಅದರದ್. ಒಯ್ರಿ."

ಒಯ್ದೆ. ಭಾಲ್ಕಿಯ ಬಸ್ ನಿಲ್ದಾಣದಿಂದ ಹುಡುಗಿಗೆ ಫೋನು ಮಾಡಿ, ಬಂದ್ ಮಾಡಬೇಡ, ಮೊದಲು ನಿನ್ನ ಮೇಜಿನ ಒಂದು ಡಬ್ಬಿಗೆ ಬಿಡು, ಯಾರಾದರೂ ಬೇರೆ ಕಾಣಿಸುತ್ತದೆ ಎಂದರೆ ಕೆಲಸ ಬಿಟ್ಟು ಎದ್ದು ಹೋಗಿ ನೋಡು ಎಂದೆ. "ಯಾಕ್ರಿ ಅಕ್ಕೋರ, ಹಿಂದ ಏನರ ಆಗಿತ್ತೇನ್ರಿ?" ಎಂದಳು. ಆಗಿತ್ತು, ಬರೆದು ಕಳಿಸುತ್ತೇನೆ ಎಂದೆ.

ಮನೆಗೆ ಬಂದು ಗಂಟು ಬಿಚ್ಚಿ, ಒಂದು ಬಟ್ಟಲು ಬೇಳೆ ತೊಳೆದು ಒಲೆಯ ಮೇಲಿಟ್ಟೆ.